ಖಾಲಿ ಟ್ರೇಲರು ಹೊತ್ತ ಭಾರ

ದೆವ್ವ ಇಲ್ಲ ಎನ್ನುವ ಪಕ್ಷದಲ್ಲಿ ನಿಂತು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವಳು ನಾನು. ಈಗಲೂ ಪಕ್ಷ ಬದಲಿಸಿಲ್ಲ. ಆದರೆ ಹೋದ ಚಳಿಗಾಲದಲ್ಲಿ ಕಣ್ಣಾರೆ ಕಂಡದ್ದನ್ನು ಕಂಡಿಲ್ಲ ಎಂದರೆ ಸುಳ್ಳಾಗುತ್ತದೆ. ನೀವು ನಂಬದಿದ್ದರೆ ಬೇಸರವಿಲ್ಲ. ತಕ್ಷಣ ನಂಬಿಬಿಡುವವರನ್ನು ಕಂಡರೇ ನನಗೆ ಸಿಟ್ಟು.

ಮದ್ದೂರಿನ ಹತ್ತಿರದ ಆಲೆಮನೆಗೆ ಕಬ್ಬು ಇಳಿಸಿ, ಚಿಕ್ಕಪ್ಪನೂ ನಾನೂ ಟ್ರ್ಯಾಕ್ಟರಿನಲ್ಲಿ ಮಳವಳ್ಳಿ ಕಡೆಯ ನಮ್ಮೂರಿಗೆ ಹೊರಟಿದ್ದೆವು. ಕತ್ತಲಾಗಿತ್ತು. ಹಿಂದೆ ನಾಲ್ಕು ಚಕ್ರದ ಟ್ರೇಲರು, ಪೂರ್ತಿ ಖಾಲಿ. ಗುಡಿಸಿದ್ದು ನಾನೇ... ಒಂದು ಹಿಡಿ ತರಗೂ ಉಳಿದಿರಲಿಲ್ಲ.

ಅದರ ಹಿಂದಿನ ಎಡಗಡೆ ಟಯರು ಒಳಗೆ ಪಟ್ಟಿ ಹಾಕಿಸಿಕೊಂಡು ವರ್ಷವಾಗಿತ್ತು. ಬದಲಾಯಿಸು ಅಂತ ನಾನು, ಮುಂದಿನ ಕಟಾವಿಗೆ ಅಂತ ಚಿಕ್ಕಪ್ಪ. ಅದಕ್ಕೇ ಹಗಲಲ್ಲಿ ಅರ್ಧ ಲೋಡು ಮಾತ್ರ ಹಾಕಿ, ನಮ್ಮೂರ ಕೆರೆ ಏರಿಯ ಮೇಲೆ ಉಸಿರು ಬಿಗಿಹಿಡಿದು ದಾಟಿಸಿದ್ದೆವು. ಕಿರಿದಾದ ಏರಿ. ಪಕ್ಕದಲ್ಲೇ ನೀರು.

ವಾಪಸು ಬರುವಾಗ, ಏರಿ ಇನ್ನು ಸ್ವಲ್ಪ ದೂರ ಇದೆ ಅನ್ನುವಷ್ಟರಲ್ಲಿ ಇಂಜಿನ್ನಿನ ದನಿ ಕುಸಿಯಿತು. ಸಮತಟ್ಟು ರಸ್ತೆ... ಆದರೂ ದಿಬ್ಬ ಹತ್ತುವಂತೆ ತಿಣುಕತೊಡಗಿತು. ಡೀಸೆಲ್ ಹೊಗೆಯ ಜೊತೆಗೆ ಕಾದ ರಬ್ಬರಿನ ವಾಸನೆ.

ಚಿಕ್ಕಪ್ಪ ನಿಲ್ಲಿಸಿದ. "ಲೋಡ್ ಎಳ್ದಂಗ್ ಎಳೀತಾದೆ ಕಣಮ್ಮ."

"ಖಾಲಿ ಗಾಡಿ ಚಿಕ್ಕಪ್ಪ. ಬೇರಿಂಗ್ ಹಿಡ್ಕಂಡಿರ್ತದೆ. ಗ್ರೀಸ್ ಹಾಕಿ ಎಷ್ಟು ತಿಂಗಳಾಯ್ತು ಹೇಳು."

"ಇರೋ ಗ್ರೀಸೆಲ್ಲ ನಿನ್ ನಾಲ್ಗೆಗೇ ಸುರ್ದವ್ರೆ. ಇಳುದ್ ನೋಡೋಗು."

ಮೊಬೈಲ್ ಬೆಳಕಿನಲ್ಲಿ ನಾಲ್ಕೂ ಚಕ್ರಗಳ ನಡುವಿನ ಗುಂಬಕ್ಕೆ ಅಂಗೈ ಒತ್ತಿದೆ. ತಣ್ಣಗಿದ್ದವು. ಬೇರಿಂಗ್ ಹಿಡಿದಿದ್ದರೆ ಸುಡಬೇಕಿತ್ತು. ಮೀಟರ್ ಹಚ್ಚಿ ಗಾಳಿ ನೋಡಿದೆ, ಸರಿಯಾಗಿತ್ತು. ನಟ್ಟುಗಳೂ ಬಿಗಿ.

ಆದರೆ ನಾಲ್ಕೂ ಟಯರು ನೆಲಕ್ಕೆ ತಾಗುವ ಕಡೆ ಹೊಟ್ಟೆ ಬಿಟ್ಟುಕೊಂಡು ಕೂತಿದ್ದವು... ಕಬ್ಬು ತುಂಬಿದಾಗ ಕೂರುವ ಹಾಗೆ.

ಹತ್ತಿ ನೋಡಿದೆ. ಬರೀ ತಗಡು. ಇಳಿದು ಟಯರಿನ ಫೋಟೋ ತೆಗೆದುಕೊಂಡೆ.

"ದಾಟ್ಸು ಚಿಕ್ಕಪ್ಪ. ಒಳಗೆ ಏನೂ ಇಲ್ಲ."

"ಏರಿ ಮ್ಯಾಲೆ ಆ ಟಯರ್ ಸಿಡುದ್ರೆ ಟ್ರೇಲರು ನಮ್ಮನ್ನೂ ಎಳ್ಕಂಡೇ ಕೆರೆಗೆ ಬೀಳೋದು."

"ಯಾವ ಭಾರಕ್ಕೆ ಸಿಡೀತದೆ? ಅದನ್ನ ಹೇಳು ಮೊದ್ಲು."

ಅವನು ಇಳಿದು ಚಕ್ರಕ್ಕೆ ಕೊಡಲು ಕಲ್ಲು ಹುಡುಕತೊಡಗಿದ. ನನಗೆ ಮೈಯೆಲ್ಲ ಉರಿಯಿತು. ಕಾರಣ ಕೊಡದ ಮನುಷ್ಯನ ಜೊತೆ ವಾದಿಸುವುದಾದರೂ ಹೇಗೆ?

ಟ್ರೇಲರನ್ನು ಅಲ್ಲೇ ಬಿಟ್ಟು ಹೋಗೋಣ ಅಂದ. ರಸ್ತೆ ಬದಿಗೆ ಸರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕೊಂಡಿಯ ಪಿನ್ನು ಎಳೆದೆವು. ಖಾಲಿ ಗಾಡಿಯ ಪಿನ್ನು ಎರಡು ಬೆರಳಿಗೆ ಬರಬೇಕು. ಸುತ್ತಿಗೆ ಏಟು ಬೇಕಾಯಿತು.

ಟ್ರ್ಯಾಕ್ಟರು ಹತ್ತು ಅಡಿ ಮುಂದೆ ಹೋಗಿ ನಿಂತಿತು. ಚಿಕ್ಕಪ್ಪ ಇಂಜಿನ್ ಆರಿಸಿ ಇಳಿದು ಬಂದ.

ಆಗ ಕೇಳಿಸಿತು... ಕಿರ್... ಟ್ರೇಲರಿನ ಹಿಂದಿನ ತಗಡಿನ ಸದ್ದು. ಮತ್ತೆ ಕಿರ್... ಬೆಳಕು ಹಿಡಿದೆ. ಹಿಂದಿನ ಎಡ ಟಯರು ನಿಧಾನವಾಗಿ ಮೇಲೆದ್ದು ದುಂಡಗಾಯಿತು. ಆಮೇಲೆ ಬಲದ್ದು. ಆಮೇಲೆ ಮುಂದಿನವು, ಒಂದೊಂದಾಗಿ.

ಚಿಕ್ಕಪ್ಪ ನನ್ನ ತೋಳು ಹಿಡಿದು ಪಿಸುಗುಟ್ಟಿದ. "ಇಳುದ್ರು. ಬಾ, ಓಗವಾ."

"ಯಾರು?"

"ಬಾಯ್ ಮುಚ್ಕೊಂಡ್ ಬಾ ಅಂದೆ."

ಇನ್ನೊಂದು ಫೋಟೋ ತೆಗೆದೇ ಹೊರಟೆ.  

ಬೆಳಿಗ್ಗೆ ಟ್ರೇಲರು ಹೂವಿನಂತೆ ಹಗುರವಾಗಿ ಏರಿ ದಾಟಿತು. ನೇರ ಮಳವಳ್ಳಿಯ ಟಯರ್ ಅಂಗಡಿಗೆ ಒಯ್ದೆವು. ಅಲ್ಲಿ ಅಂಗಡಿಯವನ ಮುಂದೆ ಎರಡೂ ಫೋಟೋ ಹಿಡಿದೆ. ನಾಲ್ಕು ಜನರ ಎದುರು ಸಾಕ್ಷ್ಯ ಇಟ್ಟಂತೆ.

ಅವನು ನೋಡಿದ. "ಇದು ಲೋಡಿದ್ದಾಗ, ಇದು ಇಳ್ಸುದ್ ಮ್ಯಾಲೆ. ಇದ್ರಾಗೇನವ್ವ ಇಸೇಸ? ಏನ್ ತುಂಬಿದ್ರಿ?"

ಫೋನು ಒಳಗಿಟ್ಟುಕೊಂಡೆ. 

ಚಿಕ್ಕಪ್ಪ ಸಾಲಾಗಿ ನಿಲ್ಲಿಸಿದ್ದ ಹೊಸ ಟಯರುಗಳನ್ನು ಒತ್ತಿ ನೋಡುತ್ತಿದ್ದ. "ಗಟ್ಟಿದು ಕೊಡಪ್ಪ," ಅಂದ. "ಖಾಲಿ ಇದ್ರೂ ತಡೀಬೇಕು."

ಅಂಗಡಿಯವನು ನಕ್ಕ. ಆ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇಂದಿಗೂ ಆಗಿಲ್ಲ.