ಹಾಲೇಶಪ್ಪನವರ ನಿದ್ದೆ

ಹಾಲೇಶಪ್ಪನವರು ನಿದ್ದೆ ಮಾಡುತ್ತಿದ್ದ ರೀತಿ ಹೊಳೆಯಲ್ಲಿ ಮುಳುಗಿ ಏಳುವವರದ್ದು. ಹೊನ್ನಾಳಿಯಿಂದ ಜಗಳೂರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರು ಅವರು. ಚಹಾಕ್ಕೆಂದು ಬಸ್ಸು ನಿಂತಲ್ಲೆಲ್ಲ ಸ್ಟೇರಿಂಗಿನ ಮೇಲೆ ತಲೆಯಿಟ್ಟ ಕೂಡಲೇ ಗೊರಕೆ ಹುಟ್ಟುತ್ತಿತ್ತು, ಏರುತ್ತ ಏರುತ್ತ ಹೋಗಿ ಥಟ್ಟನೆ ನಿಂತುಬಿಡುತ್ತಿತ್ತು. ಟಾಪಿಗೆ ಶೇಂಗಾ ಚೀಲ ಏರಿಸುತ್ತಿದ್ದವರೂ ಕೈ ತಡೆದು ಅತ್ತ ನೋಡುತ್ತಿದ್ದರು. ಆಮೇಲೆ ಗಾಳಿಯನ್ನು ಒಳಗೆಳೆಯುವ ಒಂದು ದೀರ್ಘ ಉಸಿರು. "ಇಂಜಿನ್ ಸ್ಟಾರ್ಟ್ ಆತು, ಹತ್ರಪ್ಪ" ಎಂದು ಕಂಡಕ್ಟರ್ ಕೂಗಿದರೆ ಬಸ್ಸೆಲ್ಲ ನಗುತ್ತಿತ್ತು.

ಅದು ಎಂಬತ್ತರ ದಶಕದ ಆರಂಭ. ಕಾಲೇಜಿನ ಚರ್ಚಾಕೂಟಗಳಲ್ಲಿ ಗೆದ್ದ ಹುರುಪಿನಲ್ಲಿ ನಾನು ಹೊನ್ನಾಳಿಯ ಶಾಲೆಗೆ ಮೇಷ್ಟ್ರಾಗಿ ಬಂದು, ಪಾನನಿರೋಧಕ್ಕಾಗಿ ಸಂಘವೊಂದನ್ನು ಕಟ್ಟಿದ್ದೆ. ಕೆಂಪು ಕಣ್ಣು, ಬೆಳಗಿನ ತಲೆನೋವು, ಹಗಲಿನ ತೂಕಡಿಕೆ: ಇಷ್ಟು ಸಾಕ್ಷ್ಯದಿಂದ ಒಬ್ಬ ಮನುಷ್ಯನನ್ನು ಕುಡುಕನೆಂದು ಸಾಧಿಸುವುದು ನನಗೆ ಕಷ್ಟವಾಗಲಿಲ್ಲ. ಬಸ್ಸಿನ ಮಾಲೀಕರಿಗೆ ಮನವಿ ಬರೆದೆ. ವಾರದೊಳಗೆ ಹಾಲೇಶಪ್ಪನವರನ್ನು ಕೆಲಸದಿಂದ ನಿಲ್ಲಿಸಿದರು.

ಕುಡಿತ ಬಿಡುವ ಪ್ರತಿಜ್ಞಾಪತ್ರವನ್ನು ಜೇಬಿನಲ್ಲಿಟ್ಟುಕೊಂಡು, ಒಂದು ಭಾನುವಾರ ಮಧ್ಯಾಹ್ನ ಸಾಸ್ವೆಹಳ್ಳಿಯ ಅವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಅಂಗಾತ ಮಲಗಿದ್ದರು. ಹೆಂಡತಿ ಗಂಗಮ್ಮ ಪತ್ರವನ್ನು ನೋಡಿದರು.

"ರುಜು ಆಮೇಲೆ ಹಾಕಿಸ್ಕೊಳ್ರಿ ಮೇಷ್ಟ್ರೇ. ಮೊದಲು ಬಾಯಿ ಮೂಸಿ ನೋಡ್ರಿ. ಆಮೇಲೆ ಕೈ ಹಿಡ್ಕೊಂಡು ಕೂಡ್ರಿ."

ಎಲೆಯಡಿಕೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಕುಳಿತೆ. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು, ಬಿಸಿಲು ಗೋಡೆಯ ಮೇಲೆ ಕದಲುತ್ತಿತ್ತು. ಗೊರಕೆ ನಿಂತಿತು. ಬೆರಳಿನಡಿಯ ನಾಡಿ ಸಂಜೆಯ ದಾರಿಯಲ್ಲಿ ದೂರ ಸಾಗುವ ಎತ್ತಿನ ಹೆಜ್ಜೆಯಂತೆ ನಿಧಾನವಾಗುತ್ತ, ಇನ್ನೂ ನಿಧಾನವಾಗುತ್ತ ಹೋಯಿತು. ಅಷ್ಟರಲ್ಲಿ ಅವರ ಎದೆ ಸೆಳೆದು ಗಾಳಿ ಒಳನುಗ್ಗಿತು. ನಾಡಿ ಬೆದರಿದ ಕುರಿಹಿಂಡಿನಂತೆ ಓಡಿತು.

"ಇಪ್ಪತ್ತು ವರ್ಷದಿಂದ ಹಿಂಗೇ ಐತೆ" ಎಂದರು ಗಂಗಮ್ಮ. "ಉಸಿರು ನಿಂತಾಗೆಲ್ಲ ತಿವೀತೀನಿ. ಅವರಿಗೂ ನಿದ್ದೆ ಇಲ್ಲ, ನನಗೂ ಇಲ್ಲ. ಕುಡಿಯಾಕೆ ಪುರುಸೊತ್ತೆಲ್ಲೈತ್ರೀ?"

ಪತ್ರವನ್ನು ಮಡಿಚಿ ಜೇಬಿಗೆ ಸೇರಿಸಿದೆ. ಅವರನ್ನು ಶಿವಮೊಗ್ಗದ ವೈದ್ಯರೊಬ್ಬರ ಬಳಿಗೆ ಕರೆದೊಯ್ದೆ. ನಿದ್ದೆಯಲ್ಲಿ ಗಂಟಲು ಮುಚ್ಚುತ್ತದೆ, ಮುಚ್ಚಿದಾಗಲೆಲ್ಲ ಹೃದಯ ಗಾಬರಿಗೊಳ್ಳುತ್ತದೆ, ನಮ್ಮ ಅಪ್ಪಣೆಗೆ ಕಾಯದೆ ಅದನ್ನು ನಡೆಸುವ ನರಗಳಿಗೆ ರಾತ್ರಿಯೂ ಬಿಡುವಿಲ್ಲ ಎಂದು ಅವರು ವಿವರಿಸಿದರು. ಮಗ್ಗುಲಾಗಿ ಮಲಗಲಿ, ತೂಕ ಇಳಿಸಲಿ, ಬಸ್ಸು ಮಾತ್ರ ಓಡಿಸಬಾರದು ಎಂದರು. ಗಂಗಮ್ಮ ಬನಿಯನ್ನಿನ ಬೆನ್ನಿಗೆ ಬಟ್ಟೆಯ ಉಂಡೆಯೊಂದನ್ನು ಹೊಲಿದರು, ಅಂಗಾತ ಮಲಗಿದರೆ ಒತ್ತಲೆಂದು.

ಮಾಲೀಕರ ಮುಂದೆ ನನ್ನ ಸುಳ್ಳನ್ನು ಒಪ್ಪಿಕೊಂಡೆ. ವೈದ್ಯರ ಮಾತನ್ನೂ ಮರೆಮಾಚಲಿಲ್ಲ. ಹಾಲೇಶಪ್ಪನವರಿಗೆ ಮರ್ಯಾದೆ ಮರಳಿತು, ಸ್ಟೇರಿಂಗ್ ಮರಳಲಿಲ್ಲ. ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬಂದು ಹೋಗುವ ವೇಳೆ ಬರೆದುಕೊಳ್ಳುವ ಕುರ್ಚಿ ಸಿಕ್ಕಿತು.

"ನೀವು ಸುಳ್ಳು ಹೇಳಿದ್ದಾಗ ಗಾಡಿ ವಾಪಸ್ ಸಿಗತೈತೆ ಅನ್ನೋ ಆಸೆ ಇತ್ತು ಮೇಷ್ಟ್ರೇ" ಎಂದು ಒಮ್ಮೆ ನಕ್ಕರು. "ನಿಜ ಹೇಳಿ ಅದನ್ನೂ ಕಿತ್ಕೊಂಡ್ರಿ."

ಕೆಲವು ವರ್ಷಗಳ ಬಳಿಕ ಅವರು ನಿದ್ದೆಯಲ್ಲೇ ತೀರಿಕೊಂಡರು. ಅದಕ್ಕೆ ಹದಿನೈದು ದಿನ ಮೊದಲು ನಿಲ್ದಾಣದಲ್ಲಿ ಕಂಡದ್ದೇ ಕಡೆಯ ಭೇಟಿ. ಮಣಿಕಟ್ಟನ್ನು ನನ್ನ ಕೈಗೆ ಕೊಟ್ಟು, "ಐದು ನಿಮಿಷ ಕಣ್ಣು ಮುಚ್ತೀನಿ, ಜಗಳೂರು ಗಾಡಿ ಹೊರಡೋ ಹೊತ್ತಿಗೆ ಎಬ್ಬಿಸ್ರಿ" ಎಂದರು.

ಬಸ್ಸು ಬಂತು, ಜನ ಹತ್ತಿದರು. ಗೊರಕೆ ನಿಂತು, ಬೆರಳಿನಡಿ ನಾಡಿ ಆ ದೂರದ ದಾರಿ ಹಿಡಿದಿತ್ತು. ಅದೇ ಹಳೆಯ ಕಂಡಕ್ಟರ್ ಸೀಟಿ ಬಾಯಿಗಿಟ್ಟವನು, ನಾನು ಕೈಯೆತ್ತಿದ್ದನ್ನು ಕಂಡು ಸುಮ್ಮನಾದ. ಹೊಸ ಡ್ರೈವರು ಇಂಜಿನ್ ಆರಿಸಿದ. ಹಾಲೇಶಪ್ಪನವರ ಉಸಿರು ಮರಳುವವರೆಗೆ ಬಸ್ಸು ಬಿಸಿಲಲ್ಲಿ ಕಾದು ನಿಂತಿತ್ತು.