ಪಟ್ಟೆ ಮೇಡಂ ಕಾರು ಕಲಿತದ್ದು

ಬೀದಿಯ ಅಷ್ಟೂ ಮನೆಯ ಮಕ್ಕಳು ಸ್ಕೂಲ್ ವ್ಯಾನಿನಲ್ಲಿ ಹೋಗಿ, ಕೈಕಾಲು ನೆಟ್ಟಗಿದ್ದುಕೊಂಡೇ ವಾಪಸು ಬರುತ್ತಿದ್ದರು. ಇದರಿಂದ ಪಟ್ಟೆ ಮೇಡಂಗೆ ಸಮಾಧಾನವಾಗುವ ಬದಲು ಇನ್ನಷ್ಟು ಗಾಬರಿಯಾಗುತ್ತಿತ್ತು. ಇಷ್ಟು ವರ್ಷ ಏನೂ ಆಗಿಲ್ಲ ಅಂದಮೇಲೆ, ಆಗಬೇಕಾದದ್ದೆಲ್ಲ ತನ್ನ ಪುಟ್ಟಿ ಹತ್ತುವ ದಿನಕ್ಕೇ ಕಾದು ಕೂತಿದೆ ಎಂಬುದು ಅವಳ ತರ್ಕ.

ಪಟ್ಟೆ ಮೇಡಂ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕೆಲಸ ಕೊಟ್ಟ ಹೆಸರು. ಕೀಟಗಳು ಹೇಗೆ ನೋಡುತ್ತವೆ, ನೋಡಿ ಹೇಗೆ ಹಾರುತ್ತವೆ ಎಂದು ತಲೆ ಕೆಡಿಸಿಕೊಳ್ಳುವ ಒಂದು ಪ್ರಯೋಗಾಲಯದಲ್ಲಿ ಅವಳಿದ್ದಳು. ಅಲ್ಲಿ ಹಲಗೆಯಿಂದ ಮಾಡಿದ ಉದ್ದನೆಯ ಓಣಿ. ಮೇಲೆ ಬಲೆ, ಈ ತುದಿಗೆ ಜೇನುಗೂಡು, ಆ ತುದಿಗೆ ಸಕ್ಕರೆ ನೀರು. ಓಣಿಯ ಎರಡೂ ಗೋಡೆಗೆ ಕಪ್ಪು ಬಿಳಿ ಪಟ್ಟೆಯ ಕಾಗದ ಅಂಟಿಸುವುದು, ಹುಳ ಹಾರುವುದನ್ನು ಕ್ಯಾಮೆರಾದಲ್ಲಿ ಹಿಡಿಯುವುದು, ಮತ್ತೆ ಕಾಗದ ಕಿತ್ತು ಬೇರೆ ಪಟ್ಟೆ ಅಂಟಿಸುವುದು. ಎರಡೆರಡು ಡಿಗ್ರಿ ಓದಿದ ಮೇಲೂ ದಿನವಿಡೀ ಬೆರಳಿಗೆ ಗೋಂದು ಮೆತ್ತಿಕೊಳ್ಳುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ.

ಆದರೆ ಕೆಲಸದ ಮೇಲೆ ಅವಳಿಗೆ ಬಲು ಹೆಮ್ಮೆ. ಜೇನುಹುಳ ಅಳತೆಪಟ್ಟಿ ಹಿಡಿದು ಹಾರುವುದಿಲ್ಲವಲ್ಲ. ಅದು ಮುಂದಕ್ಕೆ ಹೋದಂತೆ ಎರಡೂ ಬದಿಯ ಪಟ್ಟೆಗಳು ಹಿಂದಕ್ಕೆ ಓಡುತ್ತವೆ. ಹತ್ತಿರದ ಗೋಡೆ ಭರ್ರನೆ, ದೂರದ್ದು ನಿಧಾನವಾಗಿ. ಎರಡು ಕಣ್ಣಿಗೂ ಓಟ ಸಮವಾಗಿರುವಂತೆ ನೋಡಿಕೊಂಡರೆ ಸಾಕು, ಹುಳ ಓಣಿಯ ನಟ್ಟನಡುವೆ ಇರುತ್ತದೆ. ವೇಗವೂ ಹಾಗೆಯೇ. ಓಣಿ ಇಕ್ಕಟ್ಟಾದರೆ ಪಟ್ಟೆಗಳ ಓಟ ಕಣ್ಣಿಗೆ ಹೆಚ್ಚಾಗಿ ಕಾಣುತ್ತದೆ, ಹುಳ ತಾನಾಗಿ ನಿಧಾನಿಸುತ್ತದೆ. ಅಗಲವಾದರೆ ಓಟ ತಗ್ಗುತ್ತದೆ, ಹುಳ ಜೋರು ಮಾಡುತ್ತದೆ. ಇಷ್ಟೇ ಅದರ ಸಂವಿಧಾನ.

ಮನೆಯಲ್ಲಿ ಮಾತ್ರ ಬೇರೆ ಸಂವಿಧಾನ.

"ವ್ಯಾನಿಗೆ ಏನಾಗಿದೆಯಮ್ಮಾ? ಎದುರುಮನೆ ಮಗು ಹೋಗಲ್ವಾ?" ಎಂದರು ಅತ್ತೆ.

"ಆ ಡ್ರೈವರ್ ತಿರುವಲ್ಲಿ ಹಾರನ್ನೇ ಹೊಡೆಯಲ್ಲ ಅತ್ತೆ."

"ಹೊಡೆದ್ರೆ ಮಗು ಕಿವಿ ಹೋಯ್ತು ಅಂತೀಯ."

ಗಂಡನದು ಬೆಳಗಿನ ಪಾಳಿ. ಪುಟ್ಟಿ ಕಣ್ಣು ಬಿಡುವ ಹೊತ್ತಿಗೆ ಅವನು ಕಾರ್ಖಾನೆಯ ಬಸ್ಸಿನಲ್ಲಿ ತೂಕಡಿಸುತ್ತಿರುತ್ತಿದ್ದ. ಕಾರು ಮನೆ ಮುಂದೆ ಧೂಳು ತಿನ್ನುತ್ತಿತ್ತು. ಅವನೇ ತೀರ್ಪು ಕೊಟ್ಟ: "ಸ್ಕೂಲ್ ಶುರುವಾಗೋದರೊಳಗೆ ಲೈಸೆನ್ಸ್ ತಗೊಂಡ್ರೆ ನೀನೇ ಬಿಟ್ಟು ಬಾ. ಇಲ್ಲಾಂದ್ರೆ ಪುಟ್ಟಿ ವ್ಯಾನಿಗೆ. ಆಮೇಲೆ ಅತ್ತರೂ ಇಲ್ಲ, ಊಟ ಬಿಟ್ಟರೂ ಇಲ್ಲ."

"ನೋಡ್ತಾ ಇರಿ," ಎಂದಳು ಪಟ್ಟೆ ಮೇಡಂ. ಒಂದು ಹುಳ ಮಾಡುವ ಕೆಲಸ ತನ್ನ ಕೈಲಾಗುವುದಿಲ್ಲವೇ?

ಡ್ರೈವಿಂಗ್ ಕಲಿಸುವ ಮೇಷ್ಟ್ರು ತಾಳ್ಮೆಯ ಮನುಷ್ಯ ಎಂದು ಹೆಸರಾದವರು. ಇವಳು ಬರುವ ತನಕ.

"ಮೇಡಂ, ಮುಂದೆ ನೋಡಿ. ಅಕ್ಕಪಕ್ಕ ಏನು ನೋಡ್ತಿದೀರ, ಬಟ್ಟೆ ಅಂಗಡೀನಾ?"

"ಎರಡೂ ಕಡೆ ಸಮ ಮಾಡ್ಕೊತಿದೀನಿ ಸರ್."

"ಏನನ್ನ?"

"ಓಟಾನ."

ಮೇಷ್ಟ್ರು ತಮ್ಮ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದ ಊರಿಕೊಂಡು ಕಣ್ಣು ಮುಚ್ಚಿದರು. ಎಡಗಡೆಯ ಕಾಂಪೌಂಡೂ ಬಲಗಡೆಯ ಕಾಂಪೌಂಡೂ ಒಂದೇ ವೇಗದಲ್ಲಿ ಹಿಂದಕ್ಕೆ ಓಡುವಂತೆ ಅವಳು ಕಾರನ್ನು ಅಚ್ಚುಕಟ್ಟಾಗಿ ಒಯ್ಯುತ್ತಿದ್ದಳು. ಎಂದರೆ, ರಸ್ತೆಯ ನಟ್ಟನಡುವೆ. ಎದುರಿನಿಂದ ಬಂದ ಲಾರಿಯವನು ನಿಲ್ಲಿಸಿ ತಲೆ ಹೊರಗೆ ಹಾಕಿದ.

"ಏನಮ್ಮಾ, ರೋಡು ತವರುಮನೆಯೋರು ಬರೆದುಕೊಟ್ರಾ?"

ಅವಳಿಗೆ ಅವಮಾನವೇನೂ ಆಗಲಿಲ್ಲ. ಲಾರಿಯವನಿಗೆ ವಿಜ್ಞಾನ ಗೊತ್ತಿಲ್ಲ, ಪಾಪ. ಆದರೂ ಮಾರನೆಯ ದಿನದಿಂದ ರಸ್ತೆ ನಡುವಿನ ಬಿಳಿ ಗೆರೆಯನ್ನೇ ಒಂದು ಗೋಡೆ ಎಂದುಕೊಂಡಳು. ಗೆರೆಗೂ ಫುಟ್‌ಪಾತಿಗೂ ನಡುವೆ ಸಮ ಮಾಡಿಕೊಂಡಳು. ಕಾರು ತನ್ನ ಪಾಲಿನ ರಸ್ತೆಗೆ ಬಂತು, ಮೇಷ್ಟ್ರ ಜೀವ ತನ್ನ ಜಾಗಕ್ಕೆ ಬಂತು.

ಆಮೇಲೆ ನೋಡಬೇಕಿತ್ತು ಅವಳ ಗತ್ತು! ತರಕಾರಿ ಗಾಡಿ, ನಿಲ್ಲಿಸಿದ ಸ್ಕೂಟರು, ಒಣಹಾಕಿದ ಬಟ್ಟೆ, ಯಾವುದಕ್ಕೂ ತಾಗದೆ ಗಲ್ಲಿಯಲ್ಲಿ ನುಸುಳುತ್ತಿದ್ದಳು. ಮನೆಯಲ್ಲಿ ಗಂಡನ ತಟ್ಟೆಯ ಎರಡೂ ಬದಿಗೆ ಚಮಚ ಇಟ್ಟು, ನಡುವೆ ಉಪ್ಪಿನ ಡಬ್ಬಿ ಓಡಿಸಿ ಪಾಠ ಹೇಳಿದಳು. ಅವನು ಕೇಳಿದ್ದು ಒಂದೇ, "ಉಪ್ಪು ಹಾಕ್ಕೊಳ್ಳಲಾ?" ಮೇಷ್ಟ್ರು ಮಾತ್ರ ಆಗಾಗ "ಮೀಟರ್ ಮೇಲೂ ಒಂದು ಕಣ್ಣಿರಲಿ ಮೇಡಂ" ಎನ್ನುತ್ತಿದ್ದರು. ಜೇನುಹುಳಕ್ಕೆ ಮೀಟರ್ ಎಲ್ಲಿದೆ? ಕಣ್ಣಿಲ್ಲದವರಿಗೆ ಮುಳ್ಳು ಬೇಕು. ಮೇಷ್ಟ್ರೂ ಒತ್ತಾಯ ಮಾಡಲಿಲ್ಲ. ಬದುಕಿನ ಮೇಲೆ ಆಸೆ ಇಟ್ಟುಕೊಂಡವರಾದ್ದರಿಂದ ಅವರು ಪಾಠವನ್ನೆಲ್ಲ ಗಲ್ಲಿಗಳಲ್ಲೇ ಮುಗಿಸಿದ್ದರು.

ಪರೀಕ್ಷೆಯ ದಿನ ಇನ್ಸ್‌ಪೆಕ್ಟರು ಪಕ್ಕದಲ್ಲಿ ಕುಳಿತರು. ಇದೊಂದು ದಾಟಿಬಿಟ್ಟರೆ ಪುಟ್ಟಿ ತನ್ನ ಕೈಲಿ, ಇಲ್ಲದಿದ್ದರೆ ಆ ವ್ಯಾನಿನವನ ಕೈಲಿ. ಸಾಲಾಗಿ ಇಟ್ಟ ಡ್ರಮ್ಮುಗಳ ನಡುವೆ ಹೋಗಿ ಬಂದದ್ದು ನೋಡಿದರೆ ಯಾರಾದರೂ ದೃಷ್ಟಿ ಹಾಕಬೇಕು, ಹಾಗೆ. "ಪರವಾಗಿಲ್ಲ," ಎಂದರು ಇನ್ಸ್‌ಪೆಕ್ಟರು, "ಒಂದು ರೌಂಡ್ ಹೊರಗೆ ಹೋಗಿ ಬರೋಣ ನಡೀರಿ."

ಅಂಗಡಿ ಸಾಲು ಮುಗಿಯಿತು, ಕಾಂಪೌಂಡುಗಳೂ ಮುಗಿದವು. ಎರಡೂ ಬದಿಗೆ ಬಟಾಬಯಲು, ರಸ್ತೆಯೋ ನಾಲ್ಕು ಕಾರು ಒಟ್ಟಿಗೆ ಹೋಗುವಷ್ಟು ಅಗಲ. ಪಟ್ಟೆ ಮೇಡಂ ಅತ್ತ ನೋಡಿದಳು, ಇತ್ತ ನೋಡಿದಳು. ಓಟವೇ ಇಲ್ಲ! ದೂರದಲ್ಲೊಂದು ಮರ, ಅದೂ ಸೋಮಾರಿಯ ಹಾಗೆ ತೆವಳುತ್ತಿದೆ. ಕಾರು ನಿಂತೇಹೋಯಿತೇನೋ ಎಂದು ಗಾಬರಿಯಾಗಿ ಕಾಲು ಒತ್ತಿದಳು. ಸಾಲದೆನಿಸಿತು. ಇನ್ನಷ್ಟು ಒತ್ತಿದಳು.

"ಅಮ್ಮಾ, ನಿಧಾನ."

"ನಿಧಾನವಾಗೇ ಇದೀನಿ ಸರ್."

"ನಿಧಾನಾನಾ? ಮೀಟರ್ ನೋಡೀಮ್ಮಾ! ಮೀಟರ್!"

ಅವಳು ಮೀಟರ್ ನೋಡಿದಳು. ಇದುವರೆಗೆ ಅವಳ ಕಾರು ಕಂಡೇ ಇರದ ಅಂಕಿಯ ಮೇಲೆ ಮುಳ್ಳು ನಡುಗುತ್ತಿತ್ತು. ಎರಡೂ ಕಾಲು ಒಟ್ಟಿಗೆ ಬ್ರೇಕಿನ ಮೇಲೆ ಬಿದ್ದವು. ಇನ್ಸ್‌ಪೆಕ್ಟರ ಕನ್ನಡಕ ಅವರಿಗಿಂತ ಮುಂಚೆ ಗಾಜಿನ ಹತ್ತಿರ ಹೋಗಿ ಕುಳಿತಿತು.

ಇನ್ಸ್‌ಪೆಕ್ಟರು ಕನ್ನಡಕ ಎತ್ತಿಕೊಂಡು, ಒರೆಸಿ, ಮತ್ತೆ ಹಾಕಿಕೊಂಡರು.

"ಯಾರ ಹತ್ರ ಕಲಿತ್ರಿ?" ಎಂದು ಅವರು ಕೇಳಿದರು.

ಸುಳ್ಳು ಹೇಳಿ ಅಭ್ಯಾಸವಿಲ್ಲ. "ಜೇನುಹುಳದ ಹತ್ರ ಸರ್."

"ಸಂತೋಷ. ಲೈಸೆನ್ಸೂ ಅದರ ಹತ್ರಾನೇ ಇಸ್ಕೊಳ್ಳಿ."

ಮನೆಯಲ್ಲಿ ಗಂಡ ನಗಲಿಲ್ಲ. ನಗು ತಡೆದುಕೊಳ್ಳಲು ಎರಡು ಸಲ ಬಚ್ಚಲಿಗೆ ಹೋಗಿ ಬಂದ, ಅಷ್ಟೇ. ಮಾತಿಗೆ ತಪ್ಪುವವನಲ್ಲ, ಅದೂ ಇಂಥ ಮಾತಿಗೆ. ಅತ್ತೆಯಂತೂ ಆಗಲೇ ಪುಟ್ಟಿಗೆ ವ್ಯಾನಿನಲ್ಲಿ ಕಿಟಕಿ ಪಕ್ಕದ ಸೀಟು ಹೇಳಿಟ್ಟಿದ್ದರು.

ಸ್ಕೂಲ್ ಶುರುವಾದ ಬೆಳಿಗ್ಗೆ ವ್ಯಾನ್ ಬಂದು ನಿಂತಿತು. ಪುಟ್ಟಿ ಹತ್ತಿದಳು. ಹಿಂದೆಯೇ ಅವಳಮ್ಮನೂ ಹತ್ತಿದಳು.

"ಮೇಡಂ, ನೀವೂ ಎಲ್‌ಕೆಜಿನಾ?" ಎಂದ ವ್ಯಾನಿನವನು. ತಲೆ ನರೆತ, ಸಮಾಧಾನದ ಮನುಷ್ಯ.

"ಇವತ್ತೊಂದು ದಿನ. ಮಗು ಹೆದರುತ್ತೆ."

ಮಗು ಪಕ್ಕದ ಸೀಟಿನವಳಿಗೆ ತನ್ನ ಹೊಸ ನೀರಿನ ಬಾಟಲಿ ತೋರಿಸುತ್ತಿತ್ತು.

ಪಟ್ಟೆ ಮೇಡಂ ದಾರಿಯುದ್ದಕ್ಕೂ ತಪ್ಪು ಹುಡುಕಿದಳು. ಆ ಪುಣ್ಯಾತ್ಮ ತಿರುವಿನಲ್ಲಿ ಹಾರನ್ ಹೊಡೆದ. ಹಳ್ಳ ಕಂಡರೆ ನಿಧಾನಿಸಿದ. ಒಂದು ಬೆಕ್ಕು ದಾಟುವ ತನಕ ನಿಂತ. ಎಷ್ಟು ಕಣ್ಣು ಬಿಟ್ಟರೂ ಬೈಯಲು ಒಂದು ಎಳೆಯೂ ಸಿಗಲಿಲ್ಲ. ಮನಸ್ಸು ಹಗುರಾಗಬೇಕಿತ್ತು, ಯಾಕೋ ಆಗಲಿಲ್ಲ. ತಾನಿಲ್ಲದೆಯೂ ಇದೆಲ್ಲ ನಡೆಯುತ್ತದೆ ಹಾಗಾದರೆ.

ವ್ಯಾನ್ ಬಯಲಿನ ರಸ್ತೆಗೆ ಬಂತು. ಗೋಡೆಗಳು ಮುಗಿದವು, ಮರ ದೂರದಲ್ಲಿ ತೆವಳತೊಡಗಿತು, ವ್ಯಾನಿನವನು ಅದೇ ಎತ್ತಿನಗಾಡಿ ವೇಗದಲ್ಲಿ ಓಡಿಸುತ್ತಿದ್ದ. ಅವಳ ಬಾಯಿಂದ ಮಾತು ತಾನಾಗಿ ಜಾರಿತು:

"ಸ್ವಲ್ಪ ಜೋರಾಗಿ ಹೋಗಬಾರದೇನಪ್ಪಾ? ನಿಂತೇಬಿಟ್ಟ ಹಾಗಿದೆ."

ವ್ಯಾನಿನವನು ಕನ್ನಡಿಯಲ್ಲಿ ಅವಳನ್ನು ನಿಧಾನವಾಗಿ ನೋಡಿದ. "ಮೊನ್ನೆ ಇದೇ ರೋಡಲ್ಲಿ ಇನ್ಸ್‌ಪೆಕ್ಟರ್ ಸಾಹೇಬ್ರ ಕನ್ನಡಕ ಹಾರಿಸಿದ್ದು ನೀವೇ ಅಲ್ವಾ ಮೇಡಂ?"

ಮಕ್ಕಳೆಲ್ಲ ಹೋ ಎಂದು ನಕ್ಕರು. ಕನ್ನಡಕ ಹಾರುವುದು ಅವರಿಗೆ ಬಹಳ ಹಿಡಿಸಿತು. ಪುಟ್ಟಿ ಮಾತ್ರ ನಗದೆ, ದೊಡ್ಡವರು ಚಿಕ್ಕವರನ್ನು ನೋಡುವ ಹಾಗೆ ಅಮ್ಮನನ್ನು ನೋಡಿದಳು. ಸ್ಕೂಲಿನ ಗೇಟಿನಲ್ಲಿ ಇಳಿಯುವಾಗ ಸೆರಗು ಹಿಡಿದೆಳೆದು, ಕಿವಿಯ ಹತ್ತಿರ ಬಾಯಿ ತಂದಳು.

"ಅಮ್ಮಾ, ನಾಳೆ ನೀನು ಬರಬೇಡ."