ಹೆಸರಿನ ಮೇಲೆ ಇಟ್ಟ ಕುಂಕುಮ

ಮಗಳ ಕಾಲೇಜು ಬದಲಾವಣೆಯ ಅರ್ಜಿಯಲ್ಲಿ 'ಪಠ್ಯೇತರ ಚಟುವಟಿಕೆಗಳು, ದಾಖಲೆ ಸಹಿತ' ಎಂದು ಅರ್ಧ ಪುಟ ಖಾಲಿ ಬಿಟ್ಟಿದ್ದರು. ನಾವು ಭದ್ರಾವತಿಯಿಂದ ಶಿವಮೊಗ್ಗದ ವಿದ್ಯಾನಗರಕ್ಕೆ ಬಂದು ಒಂದು ವರ್ಷವಾಗಿತ್ತು. ಅವಳು ಮಾತ್ರ ದಿನಾ ಬಸ್ಸಿನಲ್ಲಿ ಭದ್ರಾವತಿಯ ಹಳೇ ಕಾಲೇಜಿಗೇ ಹೋಗಿಬರುತ್ತಿದ್ದಳು. ಪಿಯುಸಿಯಿಂದಲೂ ಅದೇ ಕಾಲೇಜು. ಸಂಜೆ ಬಂದವಳು ಚಪ್ಪಲಿ ಬಿಚ್ಚುವ ಮೊದಲೇ ಗೋಡೆಗೆ ಒರಗಿ ಕಣ್ಣು ಮುಚ್ಚುವುದನ್ನು ನೋಡಿ ನೋಡಿ ನನಗೂ ಸಾಕಾಗಿತ್ತು. ಇಲ್ಲಿಯ ಕಾಲೇಜಿನಲ್ಲಿ ಉಳಿದದ್ದು ಒಂದೆರಡು ಸೀಟು. ಅವಳ ಅಂಕಗಳು ಸಾಧಾರಣ. ಆ ಅರ್ಧ ಪುಟವೇ ನಮಗೆ ಗತಿ.

ಪ್ರಮಾಣಪತ್ರಗಳೇನೋ ಇದ್ದವು. ಖೊಖೊ ಆಟದ್ದು ಎರಡು, ರಂಗೋಲಿಯದ್ದು ಒಂದು. ಅರ್ಜಿ ಕೊಡುವ ಕೊನೆಯ ದಿನ ಬೆಳಿಗ್ಗೆ ದೇವರ ಗೂಡಿನಿಂದ ತೆಗೆದು ಕೋಟೆಯ ಹತ್ತಿರದ ಜೆರಾಕ್ಸ್ ಅಂಗಡಿಗೆ ಒಯ್ದೆವು. ಅಂಗಡಿಯವನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಅಮ್ಮ, ಇದ್ರಲ್ಲಿ ಹೆಸರೇ ಕಾಣ್ತಿಲ್ವಲ್ಲ."

ಪ್ರತಿ ನವರಾತ್ರಿಯಲ್ಲೂ ಪುಸ್ತಕಗಳ ಜೊತೆ ಅವನ್ನೂ ಶಾರದೆಯ ಮುಂದಿಡುತ್ತಿದ್ದೆ. ತಾಯಿಯ ದೃಷ್ಟಿ ಬೇರೆಲ್ಲೂ ಹೋಗದಿರಲಿ ಎಂದು ಅರಿಶಿನ, ಕುಂಕುಮ ನೀರಲ್ಲಿ ಕಲಸಿ ಸರಿಯಾಗಿ ಮಗಳ ಹೆಸರಿನ ಮೇಲೇ ಬೊಟ್ಟಿಡುತ್ತಿದ್ದೆ. ಶಾಯಿ ನೆನೆದು ಹರಡಿತ್ತು. ಮಗಳು ಬೈಯದೆ ದುಪಟ್ಟಾದ ತುದಿಯಿಂದ ಕಲೆ ಒರೆಸಿ ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಉಳಿದ ಕಾಗದಗಳ ಕೆಲಸಕ್ಕೆ ಅವಳನ್ನು ಬಿಟ್ಟು, ಹಳೇ ಕಾಲೇಜಿನಿಂದ ಒಂದು ಪತ್ರ ಬರೆಸಿ ತರಲು ನಾನೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಿಂತೇ ಹೋದೆ. ಆಟದ ಮೇಷ್ಟ್ರು ರಜೆ ಹಾಕಿರಲಿಲ್ಲ, ಅದೊಂದು ಪುಣ್ಯ. ನಡೆದದ್ದು ಹೇಳಿದೆ. ಅವರು ನಕ್ಕು ಕಾಗದ ಎಳೆದುಕೊಂಡರು. ಆಮೇಲೆ ಬರೆಯುವ ಮೊದಲೇ ಪೆನ್ನು ಕೆಳಗಿಟ್ಟರು.

"ಚೆನ್ನಾಗಿ ಓಡೋಳು ಕಣಮ್ಮ. ಒಂದು ವರ್ಷದಿಂದ ಆಟಕ್ಕೆ ಬರ್ತಿಲ್ಲ. 'ಒಂದು ಬಸ್ಸು ತಪ್ಪಿದ್ರೆ ಅಮ್ಮ ಬಾಗಿಲಲ್ಲೇ ನಿಂತಿರ್ತಾರೆ ಸಾರ್' ಅಂತಾಳೆ. ನಿಮಗೆ ಹೇಳ್ಬೇಡಿ ಅಂದಿದ್ಲು."

ಮನೆಯಲ್ಲಿ ಅವಳು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ.

"ಅದನ್ನೂ ಬರೀರಿ ಸಾರ್," ಎಂದೆ.

"ಆಟ ಬಿಟ್ಲು ಅಂತ ಬರೆದ್ರೆ ಸೀಟಿಗೇ ತೊಂದರೆ ಆಗಲ್ವೇನಮ್ಮ?"

"ದೇವರ ಕುಂಕುಮದಲ್ಲೇ ಹೆಸರು ಅಳಿಸಿದೀನಿ. ಇನ್ನು ಸುಳ್ಳೂ ಸೇರಿಸೋದು ಬೇಡ."

ಮೂರೂ ಬಹುಮಾನ ಅವಳದ್ದೇ ಎಂದೂ, ಬಸ್ಸಿನ ಓಡಾಟದಿಂದಾಗಿ ಆಟ ನಿಂತಿದೆ ಎಂದೂ ಬರೆದು ಮೊಹರು ಹಾಕಿಸಿ ಕೊಟ್ಟರು. ಬಾಗಿಲು ಹಾಕಲು ಕಾಲು ಗಂಟೆ ಇರುವಾಗ ಶಿವಮೊಗ್ಗದ ಕಾಲೇಜಿನ ಕಚೇರಿ ಮುಟ್ಟಿದೆ; ಮಗಳು ಅರ್ಜಿ ಹಿಡಿದು ಅಲ್ಲೇ ಕಾಯುತ್ತಿದ್ದಳು. ಗುಮಾಸ್ತೆ ಪತ್ರ ಓದಿದಳು, ಕಲೆಯಾದ ಪ್ರಮಾಣಪತ್ರ ನೋಡಿದಳು, ಎರಡನ್ನೂ ಅರ್ಜಿಗೆ ಪಿನ್ ಮಾಡಿ ತೆಗೆದುಕೊಂಡಳು. ಹತ್ತು ದಿನಕ್ಕೆ ಸೀಟು ಸಿಕ್ಕಿತು. ಆ ಪತ್ರದಿಂದಲೋ, ಇನ್ಯಾರೋ ಸೀಟು ಬಿಟ್ಟಿದ್ದರಿಂದಲೋ, ನನಗೆ ಗೊತ್ತಿಲ್ಲ. ತಾಯಿ ಶಾರದೆಗೆ ತುಪ್ಪದ ದೀಪ ಹಚ್ಚಿದೆ.

ಈಗ ಬೊಟ್ಟು ಕಾಗದದ ಹಿಂಬದಿಗೆ, ಅದೂ ಒಣಕುಂಕುಮ. ಮಗಳು ಸಂಜೆ ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು ತಡವಾಗಿ ಬರುತ್ತಾಳೆ. ನಾನು ಬಾಗಿಲಲ್ಲಿ ನಿಲ್ಲುವುದಿಲ್ಲ. ಅಡುಗೆಮನೆಯಲ್ಲೇ ಇದ್ದು ಗೇಟಿನ ಸದ್ದಿಗೆ ಕಿವಿ ಕೊಟ್ಟಿರುತ್ತೇನೆ.